‘ಒಂದು ಮುಚ್ಚಳ ಹಾರ್ಮೋನ್, ಗಿಡದ ತುಂಬ ಹೂವು’: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಶ್ರಾವಣದಿಂದ ದೀಪಾವಳಿಯವರೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಹೂವಿನದೇ ಮಾತು. ದುರ್ಗದಬೈಲಿನಲ್ಲಿ ಬೆಳಿಗ್ಗೆ ಒಂದು ಮಾರು ಸೇವಂತಿಗೆಗೆ ಇದ್ದ ದರ ಮಧ್ಯಾಹ್ನಕ್ಕೆ ಇರುವುದಿಲ್ಲ. ಇದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು ರೈತರಿಗೆ: ಎಲೆ ಕಾಣದಷ್ಟು ಹೂ ಬಿಟ್ಟ ಗಿಡದ ಫೋಟೊ, ಕೆಳಗೆ ‘ಒಂದು ಪಂಪಿಗೆ ಒಂದು ಮುಚ್ಚಳ ಹಾರ್ಮೋನ್ ಹಾಕಿ, ಎಂಟು ದಿನದಲ್ಲಿ ಹೂವು ಎರಡು ಪಟ್ಟು’ ಎಂಬ ಸಾಲು, ಜೊತೆಗೊಂದು ಫೋನ್ ನಂಬರ್. ಇನ್ನೊಂದು ಮನೆಯವರಿಗೆ: ‘ಮಾರುಕಟ್ಟೆಯ ಹೂವಿಗೆಲ್ಲ ಹಾರ್ಮೋನ್ ಹೊಡೆದಿರುತ್ತಾರೆ, ಮುಡಿದರೆ ಹೆಣ್ಣುಮಕ್ಕಳ ಹಾರ್ಮೋನ್ ಏರುಪೇರಾಗುತ್ತದೆ, ಹತ್ತು ಜನರಿಗೆ ಕಳಿಸಿ’.

ಎರಡೂ ಸಂದೇಶಗಳು ಒಂದೇ ಪದ ಹಿಡಿದು ವಿರುದ್ಧ ದಿಕ್ಕಿಗೆ ಓಡುತ್ತವೆ. ಒಬ್ಬರಿಗೆ ಅದು ಅಮೃತ, ಇನ್ನೊಬ್ಬರಿಗೆ ವಿಷ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇವೆ. ಸಸ್ಯ ಹಾರ್ಮೋನ್‌ಗಳು ಕೆಲಸ ಮಾಡುವುದು ನಿಜ. ಆದರೆ ಯಾವ ಬೆಳೆಗೆ, ಯಾವ ದಿನಕ್ಕೆ, ಎಷ್ಟು ಪ್ರಮಾಣದಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಒಂದು ಮುಚ್ಚಳ’ ಎಂಬ ಅಳತೆಗೆ ಅರ್ಥವೇ ಇಲ್ಲ. ಸುಗಂಧ ತೈಲದ ಬೆಳೆಯಲ್ಲಿ ಸೊಪ್ಪು ಹೆಚ್ಚಿದ ಮಾತ್ರಕ್ಕೆ ಎಣ್ಣೆ ಹೆಚ್ಚುವುದಿಲ್ಲ. ಹೂ ಮುಡಿಯುವವರ ದೇಹದ ಹಾರ್ಮೋನ್‌ಗೂ ಗಿಡದ ಹಾರ್ಮೋನ್‌ಗೂ ಸಂಬಂಧ ಇಲ್ಲ. ಇನ್ನು ವಿವರಕ್ಕೆ ಬರೋಣ.

ಗೊಬ್ಬರ ಬೇರೆ, ಹಾರ್ಮೋನ್ ಬೇರೆ

ಗೊಬ್ಬರ ಗಿಡಕ್ಕೆ ಊಟ. ಹಾರ್ಮೋನ್ ಎಂದರೆ ಗಿಡದ ಒಂದು ಭಾಗ ಇನ್ನೊಂದು ಭಾಗಕ್ಕೆ ಕಳಿಸುವ ಸುದ್ದಿ: ಉದ್ದ ಬೆಳಿ, ಇಲ್ಲಿ ಕವಲೊಡೆ, ಎಲೆ ಉದುರಿಸು, ಹಣ್ಣಾಗು. ಸುದ್ದಿಗೆ ತೂಕ ಬೇಕಾಗಿಲ್ಲ. ಗೊಬ್ಬರವನ್ನು ಎಕರೆಗೆ ಕಿಲೊ ಲೆಕ್ಕದಲ್ಲಿ ಹಾಕುವ ರೈತರು ಹಾರ್ಮೋನನ್ನು ಗ್ರಾಂ ಲೆಕ್ಕದಲ್ಲಿ ಬಳಸುವುದು ಇದಕ್ಕೇ. ಊಟವೇ ಇಲ್ಲದ ಗಿಡಕ್ಕೆ ‘ಬೆಳಿ, ಬೆಳಿ’ ಎಂದು ಸುದ್ದಿ ಕಳಿಸಿದರೆ ಏನಾಗಬೇಕೋ ಅದೇ ಆಗುತ್ತದೆ. ಗಿಡ ಸೊರಗಿ ಉದ್ದವಾಗುತ್ತದೆ, ಬುಡ ಗಟ್ಟಿಯಾಗುವುದಿಲ್ಲ.

ಇದನ್ನು ಜಗತ್ತು ಮೊದಲು ಕಂಡದ್ದೂ ಒಂದು ರೋಗದ ರೂಪದಲ್ಲೇ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಅಕ್ಕಪಕ್ಕದವಕ್ಕಿಂತ ಎತ್ತರಕ್ಕೆ ಬೆಳೆದು, ಬಿಳಿಚಿಕೊಂಡು, ಕಾಳು ಕಟ್ಟದೆ ಬಿದ್ದುಹೋಗುತ್ತಿದ್ದವು. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ 1926ರಲ್ಲಿ ಕಾರಣ ತೋರಿಸಿದರು. ಒಂದು ಶಿಲೀಂಧ್ರ ಸುರಿಸುವ ರಸವೇ ಸಸಿಗಳನ್ನು ಹೀಗೆ ಎಳೆಯುತ್ತಿತ್ತು. 1935ರಲ್ಲಿ ತೈಜಿರೊ ಯಬೂಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅದೇ ವಸ್ತು ಆರೋಗ್ಯವಂತ ಗಿಡಗಳಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ, ಅಲ್ಲಿ ಅದು ಹಾರ್ಮೋನ್ ಎಂಬುದು ಆಮೇಲೆ ತಿಳಿಯಿತು. ಇವತ್ತು ಅಂಗಡಿಯಲ್ಲಿ ‘ಜಿಬ್ಬರೆಲಿಕ್ ಆಸಿಡ್’, ‘ಜಿಎ’ ಎಂದು ಸಿಗುವುದು ಇದೇ. ಇದರ ಜೊತೆಗೆ ಆಕ್ಸಿನ್, ಸೈಟೊಕೈನಿನ್, ಎಥಿಲೀನ್, ಆಬ್ಸಿಸಿಕ್ ಆಮ್ಲ, ಬ್ರಾಸಿನೊಸ್ಟಿರಾಯ್ಡ್ ಹೀಗೆ ಇನ್ನೂ ಹಲವು ಇವೆ.

‘ಹೂವಿನ ಹಾರ್ಮೋನ್’ ಬಾಟಲಿಯಲ್ಲಿ ಇದೆಯೇ?

ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಕಥೆಯ ನಾಯಕ ನಮ್ಮ ಸೇವಂತಿಗೆಯೇ.

ಸೇವಂತಿಗೆ ಹೂ ಬಿಡಲು ರಾತ್ರಿ ಉದ್ದವಾಗಬೇಕು. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ ಸೇವಂತಿಗೆ ಗಿಡಗಳ ತುದಿಯ ಎಲೆ ಕಿತ್ತು, ಆ ಬೋಳು ತುದಿಗೆ ಉದ್ದ ಹಗಲನ್ನೂ ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ರಾತ್ರಿಯನ್ನೂ ಕೊಟ್ಟರು. ತುದಿಯಲ್ಲಿ ಹೂ ಬಂತು. ಅಂದರೆ ರಾತ್ರಿಯ ಉದ್ದ ಅಳೆಯುವುದು ಎಲೆ, ಹೂ ಬಿಡುವುದು ತುದಿ, ನಡುವೆ ಏನೋ ಒಂದು ಸುದ್ದಿ ಹರಿದು ಹೋಗುತ್ತಿದೆ. ಆ ಕಾಣದ ವಸ್ತುವಿಗೆ ಅವರು ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಅದನ್ನು ಹಿಡಿಯಲು ಜಗತ್ತಿನ ಪ್ರಯೋಗಾಲಯಗಳಿಗೆ ಸುಮಾರು 70 ವರ್ಷ ಬೇಕಾಯಿತು. ಎಲೆಯಲ್ಲಿ ತಯಾರಾಗಿ ತುದಿಗೆ ಸಾಗುವ ‘ಎಫ್‌ಟಿ’ ಎಂಬ ಪ್ರೋಟೀನೇ ಆ ಸುದ್ದಿ ಎಂದು 2007ರಲ್ಲಿ ಸಾಸಿವೆ ಜಾತಿಯ ಒಂದು ಸಣ್ಣ ಗಿಡದಲ್ಲೂ ಭತ್ತದಲ್ಲೂ ತೋರಿಸಲಾಯಿತು. ಪ್ರೋಟೀನ್ ಅನ್ನು ನೀರಿಗೆ ಕಲಸಿ ಎಲೆಗೆ ಹೊಡೆದರೆ ಅದು ಜೀವಕೋಶದ ಒಳಗೆ ಹೋಗುವುದಿಲ್ಲ. ಹಾಗಾಗಿ ‘ಹೂವಿನ ಹಾರ್ಮೋನ್’ ಎಂದು ಯಾರೇ ಮಾರಿದರೂ ಬಾಟಲಿಯಲ್ಲಿ ಫ್ಲೋರಿಜೆನ್ ಇರುವುದಿಲ್ಲ. ಬೇರೆ ಯಾವುದೋ ಹಾರ್ಮೋನ್ ಇರಬಹುದು. ಅದು ಕವಲು ಹೆಚ್ಚಿಸಬಹುದು, ತೊಟ್ಟು ಉದ್ದ ಮಾಡಬಹುದು, ಕೆಲವು ಬೆಳೆಗಳಲ್ಲಿ ಹೂವನ್ನು ಕೆಲವು ದಿನ ಹಿಂದೆಮುಂದೆ ಮಾಡಬಹುದು.

ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಸೇವಂತಿಗೆ ಹೊಲದಲ್ಲಿ ಸಾಲಾಗಿ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಹುಳ ಹಿಡಿಯಲಿಕ್ಕೆ, ಕಳ್ಳರ ಕಾವಲಿಗೆ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಗಿಡದ ರಾತ್ರಿಯನ್ನು ತುಂಡು ಮಾಡುವ ಉಪಾಯ. ಬೆಳಕು ಬಿದ್ದಷ್ಟು ದಿನ ಗಿಡ ‘ಇನ್ನೂ ರಾತ್ರಿ ಚಿಕ್ಕದಿದೆ’ ಎಂದು ಹೂ ಬಿಡದೆ ಬೆಳೆಯುತ್ತದೆ. ಬಲ್ಬು ಆರಿಸಿದ ಮೇಲೆ ಮೊಗ್ಗಿಗೆ ತಿರುಗುತ್ತದೆ. ಹಬ್ಬದ ದಿನಕ್ಕೆ ಹೂ ಕೂಡಿಸುವ ವಿದ್ಯೆಯಲ್ಲಿ ಯಾವ ಬಾಟಲಿಗಿಂತ ಈ ಬಲ್ಬೇ ಹೆಚ್ಚು ಪಳಗಿದ್ದು.

ಮಾವಿಗೆ ಒಂದು, ಆಸ್ಟರ್‌ಗೆ ಇನ್ನೊಂದು

ಹಾಗಾದರೆ ಹಾರ್ಮೋನ್ ಸಿಂಪಡಣೆ ಬರೀ ಸುಳ್ಳೇ? ಖಂಡಿತ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿದಂತೆ ನಮ್ಮ ರಾಜ್ಯದ ಕೃಷಿ, ತೋಟಗಾರಿಕೆ ಕಾಲೇಜುಗಳಲ್ಲಿ ಚೈನಾ ಆಸ್ಟರ್, ಸೇವಂತಿಗೆ, ಚೆಂಡುಹೂವಿನ ಮೇಲೆ ಇಂಥ ಪ್ರಯೋಗಗಳು ನಡೆದಿವೆ. ಒಟ್ಟಾರೆ ಕಾಣುವ ಚಿತ್ರ ಹೀಗಿದೆ: ಜಿಬ್ಬರೆಲಿಕ್ ಆಸಿಡನ್ನು ಸಾಮಾನ್ಯವಾಗಿ 100ರಿಂದ 200 ಪಿಪಿಎಂ ಆಸುಪಾಸಿನಲ್ಲಿ, ಗಿಡ ಇನ್ನೂ ಬೆಳೆಯುವ ಹಂತದಲ್ಲಿದ್ದಾಗ ಸಿಂಪಡಿಸಿದರೆ ಗಿಡ ಎತ್ತರವಾಗುತ್ತದೆ, ತೊಟ್ಟು ಉದ್ದವಾಗುತ್ತದೆ, ಆಸ್ಟರ್‌ನಂಥ ಬೆಳೆಯಲ್ಲಿ ಹೂ ಸ್ವಲ್ಪ ಬೇಗ ಬರುತ್ತದೆ, ಹಲವು ಸಲ ಇಳುವರಿಯೂ ಏರುತ್ತದೆ. ಕ್ಲೋರ್ಮೆಕ್ವಾಟ್‌ನಂಥ ಬೆಳವಣಿಗೆ ತಡೆಯುವ ರಾಸಾಯನಿಕಗಳು ಇದರ ಉಲ್ಟಾ. ಅವು ಗಿಡದೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆದು ಗಿಡವನ್ನು ಗಿಡ್ಡ, ಪೊದೆ ಮಾಡುತ್ತವೆ. ಹೂಗೊಂಚಲಿಗೆ ಉದ್ದ ತೊಟ್ಟಿನ ಹೂ ಮಾರುವವರಿಗೆ ಮೊದಲನೆಯದು ಲಾಭ, ಕುಂಡದಲ್ಲಿ ಗಿಡ ಮಾರುವವರಿಗೆ ಎರಡನೆಯದು. ಮಾರು ಲೆಕ್ಕದಲ್ಲಿ ಮಾಲೆಗೆ ಹೂ ಕೊಡುವ ರೈತರಿಗೆ ತೊಟ್ಟು ಉದ್ದವಾದರೇನು, ಗಿಡ್ಡವಾದರೇನು? ‘ಯಾತಕ್ಕೆ’ ಎಂಬ ಪ್ರಶ್ನೆಯನ್ನು ಫಾರ್ವರ್ಡ್‌ಗಳು ಕೇಳುವುದೇ ಇಲ್ಲ.

ಒಂದೇ ಹಾರ್ಮೋನ್ ಎಲ್ಲ ಬೆಳೆಗೂ ಹೂ ತರುತ್ತದೆ ಎಂಬ ಮಾತನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ, ಧಾರವಾಡದ ಆಪೂಸ್ ಮಾವಿನ ತೋಟಕ್ಕೆ ಹೋದರೆ ಸಾಕು. ಮಾವಿನಲ್ಲಿ ಜಿಬ್ಬರೆಲಿನ್ ಹೆಚ್ಚಿದ್ದರೆ ಗಿಡ ಚಿಗುರುತ್ತದೆ, ಹೂ ಬಿಡುವುದಿಲ್ಲ. ಅದಕ್ಕೇ ಬೆಳೆಗಾರರು ಮಳೆಗಾಲದ ಕೊನೆಯ ಭಾಗದಲ್ಲಿ ಪ್ಯಾಕ್ಲೊಬ್ಯುಟ್ರಜೋಲ್ ಎಂಬ ರಾಸಾಯನಿಕವನ್ನು ಬುಡಕ್ಕೆ ಸುರಿಯುತ್ತಾರೆ. ಅಂಗಡಿ ಭಾಷೆಯಲ್ಲಿ ‘ಕಲ್ಟಾರ್’. ಅದು ಜಿಬ್ಬರೆಲಿನ್ ತಯಾರಿಕೆಗೆ ಅಡ್ಡ ಹಾಕಿ ಹೂ ತರಿಸುತ್ತದೆ. ಅಂದರೆ ಆಸ್ಟರ್‌ಗೆ ಯಾವುದನ್ನು ಕೊಟ್ಟು ಹೂ ಬೇಗ ತರಿಸುತ್ತಾರೋ, ಮಾವಿಗೆ ಅದನ್ನೇ ಕಿತ್ತುಕೊಂಡು ಹೂ ತರಿಸುತ್ತಾರೆ. ಪ್ಯಾಕ್ಲೊಬ್ಯುಟ್ರಜೋಲ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದೂ ನೆನಪಿರಲಿ. ಪ್ರತಿ ವರ್ಷ ಅಳತೆ ಇಲ್ಲದೆ ಸುರಿದ ಮರಗಳಲ್ಲಿ ಚಿಗುರು ಮುರುಟಿ, ಹೂಗೊಂಚಲು ಗಂಟುಗಟ್ಟುತ್ತದೆ.

ಇನ್ನೊಂದು ಗೊಂದಲ ಮೆಣಸಿನಕಾಯಿ ಹೊಲದಿಂದ ಬಂದದ್ದು. ಬ್ಯಾಡಗಿ ಮೆಣಸಿನಕಾಯಿ, ಹತ್ತಿ ಬೆಳೆಯುವವರಿಗೆ ಎನ್‌ಎಎ ಗೊತ್ತು. ‘ಪ್ಲಾನೋಫಿಕ್ಸ್’ ಎಂದರೆ ಬೇಗ ಗೊತ್ತಾಗುತ್ತದೆ. ಇದು ಆಕ್ಸಿನ್ ಜಾತಿಯದು. ಹೂ, ಮೊಗ್ಗು, ಎಳೆಕಾಯಿ ಉದುರುವುದನ್ನು ತಡೆಯುವುದು ಇದರ ಕೆಲಸ. ‘ಹೂವು ನಿಲ್ಲುತ್ತದೆ’ ಎಂದು ಅಲ್ಲಿ ಕಂಡವರು ಅದನ್ನೇ ಸೇವಂತಿಗೆಗೂ ಹೊಡೆಯುತ್ತಾರೆ. ಮೆಣಸಿನಕಾಯಿಯಲ್ಲಿ ಉದ್ದೇಶ ಹೂ ಉದುರದೆ ಕಾಯಿ ಕಟ್ಟುವುದು. ಸೇವಂತಿಗೆಯಲ್ಲಿ ಹೂವೇ ಫಸಲು, ಉದುರುವ ಮೊದಲೇ ಅದನ್ನು ಕಿತ್ತು ಮಾರಿಯಾಗಿರುತ್ತದೆ.

ಹೂವಿನ ಸಂಖ್ಯೆ ಹೆಚ್ಚಬೇಕು ಎಂಬುದಷ್ಟೇ ಆಸೆಯಾದರೆ ಒಂದು ಖರ್ಚಿಲ್ಲದ ಹಾರ್ಮೋನ್ ತಂತ್ರ ನಮ್ಮ ರೈತರಿಗೆ ಮೊದಲಿನಿಂದ ಗೊತ್ತಿದೆ: ಕುಡಿ ಚಿವುಟುವುದು. ಗಿಡದ ತುದಿ ಆಕ್ಸಿನ್ ತಯಾರಿಸಿ ಕೆಳಗೆ ಕಳಿಸುತ್ತದೆ, ಅದು ಪಕ್ಕದ ಮೊಗ್ಗುಗಳನ್ನು ಮಲಗಿಸಿರುತ್ತದೆ. ನಾಟಿ ಮಾಡಿ ಸುಮಾರು ನಾಲ್ಕೈದು ವಾರಕ್ಕೆ ಚೆಂಡುಹೂ, ಸೇವಂತಿಗೆಯ ತುದಿ ಚಿವುಟಿದರೆ ಆ ಹಿಡಿತ ತಪ್ಪಿ ಪಕ್ಕದ ಕವಲುಗಳು ಏಳುತ್ತವೆ, ಕವಲಿಗೊಂದು ಹೂವು. ಹೂ ಬರುವುದು ಕೆಲವು ದಿನ ತಡವಾಗುತ್ತದೆ, ಹಾಗಾಗಿ ಆಯುಧಪೂಜೆಗೆ ಹೂ ಬೇಕಾದವರು ಹಿಂದಿನಿಂದ ದಿನ ಎಣಿಸಿಕೊಂಡು ನಾಟಿ ಮಾಡಬೇಕು.

‘ಒಂದು ಮುಚ್ಚಳ’ದ ಲೆಕ್ಕ

ಫಾರ್ವರ್ಡ್‌ನಲ್ಲಿ ಅತ್ಯಂತ ಅಪಾಯದ ಪದ ಯಾವುದು ಎಂದು ಕೇಳಿದರೆ ನಾವು ‘ಮುಚ್ಚಳ’ ಎನ್ನುತ್ತೇವೆ. ಲೆಕ್ಕ ನೋಡಿ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಹಾಕಿದರೆ 1 ಪಿಪಿಎಂ. ಹತ್ತು ಲೀಟರ್‌ಗೆ ಒಂದು ಗ್ರಾಂ ಹಾಕಿದರೆ 100 ಪಿಪಿಎಂ. ನಮ್ಮ ದೇಶದಲ್ಲಿ ಜಿಬ್ಬರೆಲಿಕ್ ಆಸಿಡ್ ಶೇ 0.001 ದ್ರಾವಣವಾಗಿಯೂ ಸಿಗುತ್ತದೆ, ಶೇ 40ರ ಹರಳಿನ ರೂಪದಲ್ಲೂ ಸಿಗುತ್ತದೆ. ಎರಡರ ಮೇಲೂ ಬರೆದಿರುವುದು ‘ಜಿಬ್ಬರೆಲಿಕ್ ಆಸಿಡ್’ ಎಂದೇ.

ಈಗ 15 ಲೀಟರ್ ಪಂಪಿಗೆ ಮೊದಲನೆಯದನ್ನು ಒಂದು ಮುಚ್ಚಳ, ಅಂದರೆ 15 ಮಿಲಿ ಹಾಕಿ ಎಂದುಕೊಳ್ಳೋಣ. ಅದರಲ್ಲಿ ಇರುವ ಹಾರ್ಮೋನ್ 0.15 ಮಿಲಿಗ್ರಾಂ. ನೀರಿನಲ್ಲಿ ಕಲಸಿದ ಮೇಲೆ ಪ್ರಮಾಣ 0.01 ಪಿಪಿಎಂ. ಆಸ್ಟರ್ ಪ್ರಯೋಗಗಳಲ್ಲಿ ಬಳಸುವ 100 ಪಿಪಿಎಂನ ಹತ್ತು ಸಾವಿರದಲ್ಲಿ ಒಂದು ಪಾಲು. ಆ ಬಾಟಲಿಯನ್ನು ನೀರೇ ಬೆರೆಸದೆ ಸುರಿದರೂ 10 ಪಿಪಿಎಂ ಮಾತ್ರ. ಎರಡನೆಯದನ್ನು ಒಂದು ಮುಚ್ಚಳ, ಅಂದರೆ ಸುಮಾರು 15 ಗ್ರಾಂ ಹಾಕಿದರೆ? 400 ಪಿಪಿಎಂ. ಜಪಾನಿನ ಭತ್ತದ ಸಸಿಯ ಹಾಗೆ ಗಿಡ ಎಳೆದುಕೊಂಡು ಬಾಗಬಹುದು. ಒಂದೇ ಹೆಸರು, ಒಂದೇ ಮುಚ್ಚಳ, ನಡುವೆ 40 ಸಾವಿರ ಪಟ್ಟು ಅಂತರ. ಒಬ್ಬ ರೈತ ‘ಏನೂ ಆಗಲಿಲ್ಲ’ ಎನ್ನುವುದಕ್ಕೂ ಇನ್ನೊಬ್ಬ ‘ಬೆಳೆ ಹೋಯಿತು’ ಎನ್ನುವುದಕ್ಕೂ ಇಷ್ಟೇ ಕಾರಣ ಇರಬಹುದು.

ಸರಿಯಾದ ಲೇಬಲ್ ಹೇಗೆ ಲೆಕ್ಕ ಹೇಳುತ್ತದೆ ಎಂಬುದಕ್ಕೆ ಎನ್‌ಎಎ ಒಳ್ಳೆಯ ಉದಾಹರಣೆ. ಅದು ಶೇ 4.5ರ ದ್ರಾವಣ. ಒಂದು ಮಿಲಿಯಲ್ಲಿ 45 ಮಿಲಿಗ್ರಾಂ ಇರುತ್ತದೆ. ನಾಲ್ಕೂವರೆ ಲೀಟರ್ ನೀರಿಗೆ ಒಂದು ಮಿಲಿ ಹಾಕಿದರೆ ಸರಿಯಾಗಿ 10 ಪಿಪಿಎಂ. ಮುಚ್ಚಳ ಬಿಟ್ಟು ಔಷಧ ಅಂಗಡಿಯಲ್ಲಿ ಸಿಗುವ ಸಿರಿಂಜಿನಲ್ಲಿ ಅಳೆಯಿರಿ.

ಸುಗಂಧ ತೈಲ: ಸೊಪ್ಪಿನ ತೂಕ ಬೇರೆ, ಎಣ್ಣೆಯ ತೂಕ ಬೇರೆ

ಈಚೆಗೆ ಲೆಮನ್‌ಗ್ರಾಸ್, ಪಾಮರೋಸಾ, ದವನ ಹಾಕಿ ‘ಎಕರೆಗೆ ಲಕ್ಷ’ ಗಳಿಸುವ ಸಂದೇಶಗಳೂ ಹರಿದಾಡುತ್ತವೆ. ಅವುಗಳ ಬಾಲದಲ್ಲಿ ಮತ್ತೆ ಹಾರ್ಮೋನ್. ಇಲ್ಲಿ ವಿಷಯ ಹೂವಿಗಿಂತ ಒಂದು ಸುತ್ತು ಜಟಿಲ.

ಎಣ್ಣೆ ಗಿಡದಲ್ಲಿ ಎಲ್ಲಿದೆ ಎಂಬುದರಿಂದ ಶುರು ಮಾಡೋಣ. ತುಳಸಿ, ಪುದೀನ, ದವನದಲ್ಲಿ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿ ಎಣ್ಣೆ ತುಂಬಿರುತ್ತದೆ. ಎಲೆ ಉಜ್ಜಿದಾಗ ಘಮ್ಮೆನ್ನುವುದು ಆ ಗ್ರಂಥಿ ಒಡೆದಾಗ. ಲೆಮನ್‌ಗ್ರಾಸ್‌ನಲ್ಲಿ ಎಲೆಯ ಒಳಗಿನ ಕೆಲವು ಕೋಶಗಳಲ್ಲಿ ಇರುತ್ತದೆ. ಮಲ್ಲಿಗೆಯದು ಬೇರೆಯೇ ಸ್ವಭಾವ: ಅದು ಸುವಾಸನೆಯನ್ನು ಕೂಡಿಡುವುದಿಲ್ಲ, ಮೊಗ್ಗು ಬಿರಿಯುವ ಹೊತ್ತಿಗೆ ತಯಾರಿಸಿ ಗಾಳಿಗೆ ಬಿಡುತ್ತದೆ. ಅದಕ್ಕೇ ಮಲ್ಲಿಗೆ, ಸುಗಂಧರಾಜವನ್ನು ಲೆಮನ್‌ಗ್ರಾಸ್‌ನಂತೆ ಹಬೆಯಲ್ಲಿ ಬಟ್ಟಿ ಇಳಿಸುವುದಿಲ್ಲ, ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿ ಪರಿಮಳ ತೆಗೆಯುತ್ತಾರೆ.

ಎಲೆ ಬೆಳೆಗಳಲ್ಲಿ ಎಣ್ಣೆಯ ಇಳುವರಿ ಎಂದರೆ ಸೊಪ್ಪಿನ ತೂಕಕ್ಕೆ ಎಣ್ಣೆಯ ಶೇಕಡಾವಾರು ಗುಣಿಸಿದ್ದು. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಹೊಲ ತೆಗೆದುಕೊಳ್ಳಿ. ಹತ್ತು ಟನ್ ಸೊಪ್ಪು, ಶೇ 0.5 ಎಣ್ಣೆ: 50 ಕಿಲೊ. ಹಾರ್ಮೋನ್ ಹೊಡೆದು ಸೊಪ್ಪು 12 ಟನ್ ಆಯಿತು, ಎಣ್ಣೆ ಶೇ 0.4ಕ್ಕೆ ಇಳಿಯಿತು ಎಂದುಕೊಳ್ಳಿ: 48 ಕಿಲೊ. ಫೋಟೊದಲ್ಲಿ ಹೊಲ ಹುಲುಸಾಗಿ ಕಾಣುತ್ತದೆ. ಕಟಾವಿನ ಕೂಲಿ, ಸಾಗಣೆ, ಬಟ್ಟಿಯ ಸೌದೆ ಎಲ್ಲ ಹೆಚ್ಚು. ಡಬ್ಬಕ್ಕೆ ಬಂದದ್ದು ಎರಡು ಕಿಲೊ ಕಡಿಮೆ. ಹೀಗೇ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ಎರಡೂ ಏರುವ ಬೆಳೆಗಳೂ ಇವೆ. ಎಲೆ ಎಷ್ಟು ಬಂತು ಎಂದು ಮಾತ್ರ ತೋರಿಸಿ ಎಣ್ಣೆ ಎಷ್ಟು ಬಂತು ಎಂದು ತೋರಿಸದ ಯಾವ ಪ್ರಚಾರವನ್ನೂ ನಂಬಲು ಕಾರಣವಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ಎಣ್ಣೆ ಕೊಳ್ಳುವವರು ತೂಕದ ಜೊತೆ ಗುಣವನ್ನೂ ನೋಡುತ್ತಾರೆ: ಲೆಮನ್‌ಗ್ರಾಸ್‌ನಲ್ಲಿ ಸಿಟ್ರಾಲ್ ಎಷ್ಟು, ದವನದಲ್ಲಿ ದವನೋನ್ ಎಷ್ಟು ಎಂದು.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ, ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಸಸ್ಯ ಹಾರ್ಮೋನ್‌ಗಳಲ್ಲಿ ಒಂದರ ಹೆಸರು ಮಲ್ಲಿಗೆಯಿಂದಲೇ ಬಂದಿದೆ: ಜಾಸ್ಮೊನೇಟ್. 1962ರಲ್ಲಿ ಜಾಜಿಯ ಸುಗಂಧ ತೈಲದಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ವಸ್ತುವನ್ನು ಯುರೋಪಿನ ರಸಾಯನಶಾಸ್ತ್ರಜ್ಞರು ಗುರುತಿಸಿದರು. ಆಗ ಅದು ಕೇವಲ ಪರಿಮಳ. 1990ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಸೇಜ್‌ಬ್ರಶ್ ಎಂಬ ಪೊದೆಯ ಕೊಂಬೆಗಳನ್ನು ಟೊಮೆಟೊ ಗಿಡದ ಜೊತೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಪೊದೆಯಿಂದ ಗಾಳಿಗೆ ಬಂದ ಮೀಥೈಲ್ ಜಾಸ್ಮೊನೇಟ್ ತಾಗಿದ್ದೇ, ಟೊಮೆಟೊ ತನ್ನ ಎಲೆಯಲ್ಲಿ ಹುಳುಗಳಿಗೆ ಜೀರ್ಣವಾಗದಂತೆ ಮಾಡುವ ಪ್ರೋಟೀನ್ ತಯಾರಿಸತೊಡಗಿತು. ಪರಿಮಳ ಎಂದುಕೊಂಡಿದ್ದು ಅಪಾಯದ ಸುದ್ದಿಯಾಗಿತ್ತು. ಆ ಪೊದೆ ನಮ್ಮ ದವನದ ಕುಲಕ್ಕೇ ಸೇರಿದ್ದು, ಎರಡೂ ಆರ್ಟಿಮೀಸಿಯಾ. ಜಾಸ್ಮೊನೇಟ್ ಸಿಂಪಡಿಸಿದರೆ ಕೆಲವು ಗಿಡಗಳು ಎಲೆಯ ಮೇಲೆ ಗ್ರಂಥಿಗಳನ್ನೂ ಎಣ್ಣೆಯ ಅಂಶಗಳನ್ನೂ ಹೆಚ್ಚಿಸಿಕೊಳ್ಳುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಬೆಲೆ ಕಟ್ಟಬೇಕಾದದ್ದು ಬೆಳವಣಿಗೆಯಲ್ಲಿ. ಶತ್ರು ಬಂದಿದ್ದಾನೆ ಎಂಬ ಸುದ್ದಿ ಕೇಳಿದ ಗಿಡ ಕೋಟೆ ಕಟ್ಟುತ್ತದೆ, ಎಲೆ ಬೆಳೆಸುವುದನ್ನು ಕಡಿಮೆ ಮಾಡುತ್ತದೆ. ಮೇಲಿನ ಗುಣಾಕಾರದ ಲೆಕ್ಕಕ್ಕೆ ಮತ್ತೆ ಬಂದು ನಿಲ್ಲುತ್ತೇವೆ, ಈ ಸಲ ಇನ್ನೊಂದು ಬದಿಯಿಂದ.

ಎಣ್ಣೆ ಬೆಳೆಯಲ್ಲಿ ಸಿಂಪಡಣೆಗಿಂತ ಮೊದಲು ನೋಡಬೇಕಾದದ್ದು ಕಟಾವಿನ ದಿನ. ದವನವನ್ನು ಕರ್ನಾಟಕದಲ್ಲಿ ಚಳಿಗಾಲದ ಶುರುವಿಗೆ ನಾಟಿ ಮಾಡಿ ಫೆಬ್ರುವರಿ-ಮಾರ್ಚ್‌ನಲ್ಲಿ, ಅರ್ಧದಷ್ಟು ಹೂ ಅರಳಿದಾಗ ಕೊಯ್ಯುತ್ತಾರೆ. ಒಂದು ವಾರ ಹಿಂದೆಮುಂದೆಯಾದರೂ, ಕೊಯ್ದ ಸೊಪ್ಪನ್ನು ಬಿಸಿಲಿನಲ್ಲಿ ರಾಶಿ ಹಾಕಿದರೂ ಎಣ್ಣೆಗೆ ಪೆಟ್ಟು.

ಹೂ ಮುಡಿದರೆ ಏನಾಗುತ್ತದೆ?

ಎರಡನೇ ಸಂದೇಶಕ್ಕೆ ಬರೋಣ. ಹಾರ್ಮೋನ್ ಒಂದು ಬೀಗದ ಕೈ ಇದ್ದಂತೆ, ಅದಕ್ಕೆ ತಕ್ಕ ಬೀಗ ಇದ್ದ ಕಡೆ ಮಾತ್ರ ತಿರುಗುತ್ತದೆ. ಜಿಬ್ಬರೆಲಿನ್‌ನ ಬೀಗ ಯಾವುದು ಎಂದು 2005ರಲ್ಲಿ ಭತ್ತದ ಗಿಡದಲ್ಲಿ ಪತ್ತೆಯಾಯಿತು. ಆ ಬೀಗ ಮನುಷ್ಯರ ಜೀವಕೋಶದಲ್ಲಿ ಇಲ್ಲ. ಈಸ್ಟ್ರೊಜೆನ್, ಥೈರಾಯ್ಡ್, ಇನ್ಸುಲಿನ್‌ಗೂ ಜಿಬ್ಬರೆಲಿನ್‌ಗೂ ಹೆಸರಿನಲ್ಲಿ ‘ಹಾರ್ಮೋನ್’ ಎಂಬ ಪದ ಸಮಾನ, ಕೆಲಸದಲ್ಲಿ ಏನೂ ಸಮಾನವಿಲ್ಲ.

ಇಷ್ಟಕ್ಕೂ ನಾವು ದಿನವೂ ಸಸ್ಯ ಹಾರ್ಮೋನ್ ತಿನ್ನುತ್ತಲೇ ಇದ್ದೇವೆ. ಮಡಕಿಕಾಳು ನೆನೆಸಿ ಮೊಳಕೆ ಕಟ್ಟಿ ಪಲ್ಯ ಮಾಡುತ್ತೀರಲ್ಲ, ಕಾಳಿನೊಳಗೆ ಮೊಳಕೆ ಎಬ್ಬಿಸುವ ಕೆಲಸದಲ್ಲಿ ಜಿಬ್ಬರೆಲಿನ್‌ನ ಕೈ ಇದೆ. ವಿಜಯಪುರದ ಬೀಜವಿಲ್ಲದ ದ್ರಾಕ್ಷಿ, ಒಣದ್ರಾಕ್ಷಿ ತಿಂದವರೆಲ್ಲ ಜಿಬ್ಬರೆಲಿಕ್ ಆಸಿಡ್ ಸಿಂಪಡಿಸಿದ ಹಣ್ಣು ತಿಂದಿರುವ ಸಾಧ್ಯತೆ ದೊಡ್ಡದು. ಗೊಂಚಲು ಸಡಿಲವಾಗಿ ಕಾಳು ದಪ್ಪವಾಗಲಿ ಎಂದು ಅಲ್ಲಿ ಅದನ್ನು ವಾಡಿಕೆಯಾಗಿ ಬಳಸುತ್ತಾರೆ. (ಬೀಜ ಇಲ್ಲದಿರುವುದು ಆ ತಳಿಯ ಗುಣ, ಸಿಂಪಡಣೆಯ ಕೆಲಸವಲ್ಲ. ಇದೂ ಒಂದು ಜನಪ್ರಿಯ ಫಾರ್ವರ್ಡ್.)

ಸುಗಂಧ ತೈಲದಲ್ಲಿ ಹಾರ್ಮೋನ್ ಸೇರಿಕೊಂಡಿರುತ್ತದೆ ಎಂಬ ಭಯಕ್ಕೂ ಆಧಾರ ಕಡಿಮೆ. ಜಿಬ್ಬರೆಲಿಕ್ ಆಸಿಡ್ ಹಬೆಯ ಜೊತೆ ಮೇಲೇಳುವ ವಸ್ತುವಲ್ಲ, ಬಿಸಿ ನೀರಿನಲ್ಲಿ ಒಡೆದುಹೋಗುವ ವಸ್ತು. ಬಟ್ಟಿಯ ಪಾತ್ರೆಯಿಂದ ಎಣ್ಣೆಯ ಕಡೆಗೆ ಅದು ಸಾಗುವುದಿಲ್ಲ.

ಹಾಗೆಂದು ಮಾರುಕಟ್ಟೆಯ ಹೂವು ಗಂಗಾಜಲದಷ್ಟು ಶುದ್ಧ ಎಂದು ಹೇಳುತ್ತಿಲ್ಲ. ಹೂವಿನ ಬೆಳೆಗೆ ಕೀಟನಾಶಕ, ಶಿಲೀಂಧ್ರನಾಶಕ ಹೊಡೆಯುತ್ತಾರೆ, ಚಿಂತೆ ಮಾಡುವುದಾದರೆ ಅದರ ಬಗ್ಗೆ ಮಾಡಬೇಕು. ಮಾಲೆಗೆ ಬೆಳೆದ ಹೂವನ್ನು ತಿನ್ನುವ ಲೆಕ್ಕದಲ್ಲಿ ಬೆಳೆದಿರುವುದಿಲ್ಲ. ಅಂಗಡಿಯಿಂದ ತಂದ ಗುಲಾಬಿಯಲ್ಲಿ ಗುಲ್ಕಂದ್ ಮಾಡಬೇಡಿ, ದೇವರಿಗೆ ಏರಿಸಿದ ಚೆಂಡುಹೂವಿನ ಎಸಳನ್ನು ಚಹಾಕ್ಕೆ ಹಾಕಬೇಡಿ. ಇನ್ನು ಸೇವಂತಿಗೆ ಮುಡಿದಾಗ ಕುತ್ತಿಗೆ, ಕಿವಿಯ ಹಿಂದೆ ತುರಿಕೆ ಬರುವವರಿದ್ದಾರೆ, ಹೂ ಕಟ್ಟುವವರ ಬೆರಳಿನ ಚರ್ಮ ಒಡೆಯುವುದೂ ಉಂಟು. ಅದು ಸೇವಂತಿಗೆಯಲ್ಲೇ ಇರುವ ಸಹಜ ರಾಸಾಯನಿಕಗಳ ಅಲರ್ಜಿ ಆಗಿರಬಹುದು. ಕಾಂಗ್ರೆಸ್ ಕಸದ ಅಲರ್ಜಿ ಇರುವವರಿಗೆ ಇದು ಹೆಚ್ಚು, ಏಕೆಂದರೆ ಎರಡೂ ಒಂದೇ ಕುಟುಂಬದ ಗಿಡಗಳು. ಚರ್ಮದ ಡಾಕ್ಟರಿಗೆ ತೋರಿಸಿ. ಮಗಳು ಬೇಗ ದೊಡ್ಡವಳಾದಳು ಎಂಬ ಆತಂಕ ಇದ್ದರೆ ಅದನ್ನು ಮಕ್ಕಳ ಡಾಕ್ಟರ ಬಳಿ ಹೇಳಿ, ಹೂವಿನ ಮೇಲೆ ಹೊರಿಸಿ ಸುಮ್ಮನಾಗಬೇಡಿ.

ಅಪಾಯ ಯಾರಿಗೆ ಎಂದರೆ, ಪಂಪು ಹೊತ್ತವರಿಗೆ ಮತ್ತು ಅವರ ಬೆಳೆಗೆ. ಕ್ಲೋರ್ಮೆಕ್ವಾಟ್‌ನಂಥವು ನುಂಗಿದರೆ ವಿಷ. ಕೈಗವಸು, ಮುಖಕ್ಕೆ ಬಟ್ಟೆ ಬೇಕೇ ಬೇಕು. ಇನ್ನೊಂದು, 2,4-ಡಿ. ಕಬ್ಬು, ಗೋವಿನಜೋಳದಲ್ಲಿ ಕಳೆ ಸಾಯಿಸಲು ಹೊಡೆಯುವ ಇದು ಕೂಡ ಆಕ್ಸಿನ್‌ನ ನಕಲೇ. ಅಗಲ ಎಲೆಯ ಗಿಡಗಳನ್ನು ಮಿತಿಮೀರಿದ ಹಾರ್ಮೋನಿನಿಂದಲೇ ತಿರುಚಿ ಕೊಲ್ಲುತ್ತದೆ. ಸೇವಂತಿಗೆ, ಚೆಂಡುಹೂವು, ಹತ್ತಿ ಎಲ್ಲ ಅಗಲ ಎಲೆಯವೇ. ಕಳೆನಾಶಕ ಹೊಡೆದ ಪಂಪನ್ನು ಬರೀ ನೀರಿನಲ್ಲಿ ಅಲ್ಲಾಡಿಸಿ ಹೂವಿನ ಹೊಲಕ್ಕೆ ತಂದರೆ ಒಳಗೆ ಉಳಿದ ಅಂಶವೇ ಎಲೆ ಮುರುಟಿಸಲು ಸಾಕು. ಪಕ್ಕದ ಹೊಲದಿಂದ ಗಾಳಿಗೆ ತೂರಿ ಬಂದರೂ ಅಷ್ಟೇ. ಕಳೆನಾಶಕಕ್ಕೆ ಬೇರೆ ಪಂಪೇ ಇಟ್ಟುಕೊಳ್ಳಿ.

ಮಾತ್ರೆ, ಎಳನೀರು ಮತ್ತು ಹೆಸರಿಲ್ಲದ ಬಾಟಲಿ

ಕುಂಡದ ಗುಲಾಬಿಗೆ ಗರ್ಭನಿರೋಧಕ ಮಾತ್ರೆ ಕರಗಿಸಿ ಹಾಕಿ ಎಂಬ ವಿಡಿಯೊ ನಿಮಗೂ ಬಂದಿರಬಹುದು. ಮಾತ್ರೆಯಲ್ಲಿರುವುದು ಪ್ರಾಣಿಗಳ ಸ್ಟಿರಾಯ್ಡ್ ಹಾರ್ಮೋನ್. ಗಿಡಗಳಿಗೂ ಬ್ರಾಸಿನೊಸ್ಟಿರಾಯ್ಡ್ ಎಂಬ ಸ್ವಂತ ಸ್ಟಿರಾಯ್ಡ್ ಇದೆ, ಆದರೆ ಅದರ ಬೀಗವೇ ಬೇರೆ. ಗುಲಾಬಿಗೆ ಬೇಕಾದದ್ದು ಬಿಸಿಲು, ಸವರುವುದು, ಗೊಬ್ಬರ. ಮಾತ್ರೆ ಹಾಕಿದ ನೀರು ಚರಂಡಿ ಸೇರಿ ಕೆರೆಯ ಮೀನಿಗೆ ತೊಂದರೆ ಕೊಡುತ್ತದೆ.

ಎಳನೀರು ಮಜ್ಜಿಗೆ ಕಲಸಿ ಸಿಂಪಡಿಸುವ ಸಲಹೆ ಅರ್ಧ ನಿಜ. ತೆಂಗಿನ ನೀರಿನಲ್ಲಿ ಸೈಟೊಕೈನಿನ್‌ಗಳು ಇವೆ. 1940ರ ದಶಕದಿಂದ ಪ್ರಯೋಗಾಲಯಗಳಲ್ಲಿ ಸಸ್ಯದ ಭ್ರೂಣ, ಅಂಗಾಂಶ ಬೆಳೆಸಲು ಅದನ್ನು ಬಳಸಿದ್ದಾರೆ. ಹೊಲದಲ್ಲಿ ಒಂದು ಕಾಯಿಗೂ ಇನ್ನೊಂದಕ್ಕೂ ಪ್ರಮಾಣ ಒಂದೇ ಇರುವುದಿಲ್ಲ, ಹಾಗಾಗಿ ಫಲಿತಾಂಶಕ್ಕೆ ಖಾತ್ರಿ ಇಲ್ಲ. ಹಾನಿಯೂ ಇಲ್ಲ. ಮನೆಯಂಗಳದಲ್ಲಿ ಮಾಡಿ ನೋಡುವವರನ್ನು ನಾವು ತಡೆಯುವುದಿಲ್ಲ.

ಹೆಸರಿಲ್ಲದ ಬಾಟಲಿಗೆ ಮಾತ್ರ ಖಂಡಿತ ಬೇಡ ಎನ್ನುತ್ತೇವೆ. ಜಿಬ್ಬರೆಲಿಕ್ ಆಸಿಡ್, ಎನ್‌ಎಎ, ಕ್ಲೋರ್ಮೆಕ್ವಾಟ್, ಪ್ಯಾಕ್ಲೊಬ್ಯುಟ್ರಜೋಲ್ ಇವೆಲ್ಲ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಕಡಲಕಳೆ ರಸದಂಥ ‘ಬಯೊಸ್ಟಿಮ್ಯುಲೆಂಟ್’ಗಳು 2021ರ ಫೆಬ್ರುವರಿಯಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಬಾಟಲಿಯ ಮೇಲೆ ರಾಸಾಯನಿಕದ ಹೆಸರು, ಶೇಕಡಾವಾರು, ನೋಂದಣಿಯ ವಿವರ, ಯಾವ ಬೆಳೆಗೆ ಎಂಬ ಮಾಹಿತಿ ಇರಬೇಕು. ಬರೀ ‘ಫ್ಲವರ್ ಬೂಸ್ಟರ್’ ಎಂದು ಹೂವಿನ ಚಿತ್ರ ಹಾಕಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೊಂಡರೆ ಬಿಲ್ಲು ತೆಗೆದುಕೊಳ್ಳಿ, ಇಲ್ಲದಿದ್ದರೆ ಬೆಳೆ ಕೆಟ್ಟಾಗ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಪ್ರಮಾಣ ಕೇಳಲು ಧಾರವಾಡದ ಸೈದಾಪುರ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ ಇದೆ, ಹತ್ತಿರದ ರೈತ ಸಂಪರ್ಕ ಕೇಂದ್ರ ಇದೆ, ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲೇ ಕೇಳಬಹುದು.

ಅಷ್ಟಾದ ಮೇಲೂ ಸಿಂಪಡಿಸಿ ನೋಡಬೇಕು ಎನ್ನುವವರು ಹೊಲದಲ್ಲಿ ಎರಡು ಸಾಲು ಬಿಟ್ಟು ಸಿಂಪಡಿಸಿ. ಬಿಟ್ಟ ಸಾಲಿಗೆ ಔಷಧ ಇಲ್ಲದ ಬರೀ ನೀರು ಹೊಡೆಯಿರಿ. ನೀರು, ಗೊಬ್ಬರ ಎಲ್ಲ ಉಳಿದವಕ್ಕೆ ಕೊಟ್ಟಂತೆಯೇ. ಗುರುತಿಗೆ ಒಂದು ಗೂಟ ನೆಡಿ. ಮೂರು ಕೊಯ್ಲಿನ ಹೂವನ್ನು ಬೇರೆ ಬೇರೆ ತೂಗಿ ಒಂದು ಚೀಟಿಯಲ್ಲಿ ಬರೆದಿಡಿ. ಎಣ್ಣೆ ಬೆಳೆಯಾದರೆ ಸೊಪ್ಪನ್ನೂ ಬೇರೆಯಾಗಿ ಬಟ್ಟಿ ಇಳಿಸಿ. ಫಾರ್ವರ್ಡ್ ಆಗಿ ಬರುವ ಫೋಟೊದಲ್ಲಿ ಎಂದೂ ಕಾಣದಿರುವುದು ಈ ಎರಡು ಸಾಲುಗಳೇ.